ರೈಸ್ ಬರೆದದ್ದು, ರೈಸ್ ಅಚ್ಚು ಹಾಕಿಸಿದ್ದು

ಬಿ. ಎಲ್. ರೈಸ್ ಎಂದೊಡನೆ ಕನ್ನಡಿಗರ ಬಾಯಿಗೆ ಬರುವ ಬಿರುದು 'ಶಾಸನ ಪಿತಾಮಹ'. ಬಿರುದಿನ ಬೆನ್ನಿಗೇ ಒಂದು ಕಥೆಯೂ ಬರುತ್ತದೆ. ಶಾಲೆಗಳ ತನಿಖೆಗೆಂದು ಕುದುರೆಯೇರಿ ಹಳ್ಳಿ ಹಳ್ಳಿ ಸುತ್ತುತ್ತಿದ್ದ ಇಂಗ್ಲಿಷ್ ಅಧಿಕಾರಿಯೊಬ್ಬರು ಊರ ಮುಂದಿನ ಕಲ್ಲುಗಳನ್ನು ಕಂಡರು, ಹಳ್ಳಿಯವರಿಗೆ ತಿಳಿಯದ ಅಕ್ಷರಗಳನ್ನು ತಾವೇ ಓದಿದರು, ಒಂಬತ್ತು ಸಾವಿರದಷ್ಟು ಶಾಸನಗಳನ್ನು ಒಬ್ಬರೇ ಬೆಳಕಿಗೆ ತಂದರು, ಮರೆತುಹೋಗಿದ್ದ ಇತಿಹಾಸವನ್ನು ನಮಗೆ ಮರಳಿ ಕೊಟ್ಟರು. ಭಾಷಣಗಳಲ್ಲಿ, ಪತ್ರಿಕೆಗಳ ಪುರವಣಿಗಳಲ್ಲಿ ಈ ಕಥೆ ಸವೆದ ದಾರಿಯಲ್ಲೇ ನಡೆಯುತ್ತದೆ.

ಕೇಳುವುದಕ್ಕೆ ಇದು ರೈಸ್ ಅವರಿಗೆ ಸಲ್ಲಿಸುವ ಗೌರವದಂತಿದೆ. ನನ್ನ ಮಟ್ಟಿಗೆ ಇದು ಅವರಿಗೆ ಅನ್ಯಾಯ, ನಮಗೆ ನಷ್ಟ. ಇತಿಹಾಸಕಾರರಾಗಿ ರೈಸ್ ಕಟ್ಟಿದ ಬಹಳಷ್ಟು ಬಿದ್ದುಹೋಗಿದೆ. ಲಿಪಿ ಓದುವುದರಲ್ಲಿ, ಪಾಠವನ್ನು ಒರೆಗೆ ಹಚ್ಚುವುದರಲ್ಲಿ ಅವರ ಕಾಲದ ಮೊದಲ ಸಾಲಿನಲ್ಲಿದ್ದವರು ಫ್ಲೀಟ್, ಕೀಲ್‌ಹಾರ್ನ್, ಬ್ಯೂಲರ್ ಮುಂತಾದವರು. ರೈಸ್ ಅವರ ಹೆಸರು ಉಳಿಯಬೇಕಾದದ್ದು ಬೇರೆ ಕೆಲಸಕ್ಕೆ. ಯಾವುದನ್ನು ಅಚ್ಚು ಹಾಕಬೇಕು, ಎಷ್ಟನ್ನು ಹಾಕಬೇಕು, ಯಾವ ಕ್ರಮದಲ್ಲಿ, ಯಾವ ಲಿಪಿಯಲ್ಲಿ ಹಾಕಬೇಕು ಎಂಬ ವಿಷಯದಲ್ಲಿ ಅವರು ಕೈಗೊಂಡ ತೀರ್ಮಾನಗಳು ಅಸಾಧಾರಣವಾದವು. ಅವರು ದೊಡ್ಡ ಪ್ರಕಾಶಕರು. ಆ ಪ್ರಕಾಶಕರನ್ನು ಬಿಟ್ಟು ನಾವು ಒಬ್ಬ ಸಾಹಸಿಯ ಕಥೆ ಹೇಳಿಕೊಂಡು ಕೂತಿದ್ದೇವೆ.

ಮೊದಲಿಗೆ 'ಮೊದಲಿಗರು' ಎಂಬ ಮಾತನ್ನೇ ನೋಡೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿಗೆ ಬಂದ ಕಾಲಿನ್ ಮೆಕೆಂಜಿ ಶಾಸನಗಳ ನಕಲು ಮಾಡಿಸಲು ತೊಡಗಿದಾಗ ರೈಸ್ ಇನ್ನೂ ಹುಟ್ಟಿರಲಿಲ್ಲ. ಆ ಕೆಲಸವನ್ನು ನಡೆಸಿಕೊಟ್ಟವರು ಕಾವಲಿ ವೆಂಕಟ ಬೋರಯ್ಯನವರಂಥ ದೇಶೀಯ ಪಂಡಿತರು. ಧಾರವಾಡದ ಕಡೆ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 595 ಕನ್ನಡ ಶಾಸನಗಳ ನಕಲುಗಳನ್ನು ಸಂಗ್ರಹಿಸಿದ್ದರು. ಮೇಜರ್ ಡಿಕ್ಸನ್ 1865ರ ಸುಮಾರಿಗೆ ಚಿತ್ರದುರ್ಗ, ಹರಿಹರ, ಬಳ್ಳಿಗಾವೆ ಮುಂತಾದ ಕಡೆಗಳ ಕಲ್ಲುಗಳ ಫೋಟೊ ತೆಗೆದಿದ್ದರು. ಜಾನ್ ಫೇತ್‌ಫುಲ್ ಫ್ಲೀಟ್ 1870ರ ದಶಕದಲ್ಲಿ ಬೊಂಬಾಯಿ ಪ್ರಾಂತದ ಕನ್ನಡ ಜಿಲ್ಲೆಗಳ ಶಾಸನಗಳನ್ನು 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಒಂದೊಂದಾಗಿ ಸಂಪಾದಿಸಿ ಪ್ರಕಟಿಸುತ್ತಿದ್ದರು. ಕಲ್ಲನ್ನು ಕಂಡದ್ದಕ್ಕೆ, ನಕಲು ಮಾಡಿದ್ದಕ್ಕೆ, ಓದಿದ್ದಕ್ಕೆ ಮೊದಲಿಗರೆಂಬ ಪಟ್ಟ ಕೊಡುವುದಾದರೆ ರೈಸ್ ಅವರ ಹೆಸರು ಆ ಸಾಲಿನಲ್ಲಿ ತಡವಾಗಿ ಬರುತ್ತದೆ.

ಆದರೆ ಈ ಹಿಂದಿನವರ ಸಂಗ್ರಹಗಳಿಗೆ ಏನಾಯಿತು ಎಂದು ಕೇಳಿದಾಗ ರೈಸ್ ಅವರ ಸ್ಥಾನ ತಿಳಿಯುತ್ತದೆ. ಎಲಿಯಟ್ ಅವರ 595 ಶಾಸನಗಳು ಹಸ್ತಪ್ರತಿಯಾಗಿಯೇ ಉಳಿದವು. ನೋಡಬೇಕೆನ್ನುವವರು ಆ ಪ್ರತಿ ಇದ್ದ ಗ್ರಂಥಾಲಯದ ಬಾಗಿಲಿಗೆ ಹೋಗಬೇಕಿತ್ತು. ಮೆಕೆಂಜಿ ಸಂಗ್ರಹ ಅವರ ಮರಣಾನಂತರ ಕಲ್ಕತ್ತ, ಮದರಾಸು, ಲಂಡನ್ನುಗಳ ನಡುವೆ ಹಂಚಿಹೋಯಿತು. ಫ್ಲೀಟ್ ಅವರ ಪಾಠಗಳು ಬಹು ಶುದ್ಧ. ಆದರೆ ಅವು ಬೊಂಬಾಯಿಯಲ್ಲಿ ಅಚ್ಚಾಗುತ್ತಿದ್ದ ವಿದ್ವತ್ ಪತ್ರಿಕೆಯ ಪುಟಗಳಲ್ಲಿ ಹೆಚ್ಚಾಗಿ ರೋಮನ್ ಲಿಪಿಯಲ್ಲಿದ್ದವು, ಅದೂ ಅವರು ಮುಖ್ಯವೆಂದು ಆರಿಸಿದ ಶಾಸನಗಳಿಗೆ ಮಾತ್ರ. ಸಂಗ್ರಹ ಇತ್ತು, ಪಾಂಡಿತ್ಯ ಇತ್ತು. ಓದುಗರ ಕೈಗೆ ಸಿಗುವ ಪುಸ್ತಕ ಇರಲಿಲ್ಲ.

ರೈಸ್ ಕೂಡ ಮೊದಲು ಅದೇ ಜಾಡಿನಲ್ಲಿ ನಡೆದವರು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ನಿನ ಪಾದ್ರಿ. ಮಗ ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾಗಿ ಮರಳಿದರು, 1865ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಆದರು, ಮುಂದೆ ವಿದ್ಯಾ ಇಲಾಖೆಯ ಮುಖ್ಯಸ್ಥರಾದರು. ಡಿಕ್ಸನ್ ಅವರ ಫೋಟೊಗಳಲ್ಲಿದ್ದ ಶಾಸನಗಳನ್ನು ಅನುವಾದಿಸುವ ಹೊಣೆ ಸರ್ಕಾರದಿಂದ ಇವರಿಗೆ ಬಂತು. ಅದರ ಫಲ 1879ರ 'ಮೈಸೂರ್ ಇನ್‌ಸ್ಕ್ರಿಪ್ಶನ್ಸ್'. ಆ ಪುಸ್ತಕ ಮುಖ್ಯವಾಗಿ ಇಂಗ್ಲಿಷ್ ಅನುವಾದಗಳ ಗ್ರಂಥ. ಅದನ್ನು ಓದಿದವರು ಅರ್ಥಕ್ಕೆ ರೈಸ್ ಅವರನ್ನೇ ನಂಬಬೇಕು. ಅನುವಾದ ತಪ್ಪಿದ್ದರೆ ಹಿಡಿಯುವುದಕ್ಕೆ ಓದುಗರ ಕೈಯಲ್ಲಿ ಮೂಲವಿಲ್ಲ.

ರೈಸ್ ಅವರ ಬದುಕಿನ ನಿಜವಾದ ತಿರುವು ಈ ಪುಸ್ತಕಕ್ಕೂ ಮುಂದೆ ಬಂದ 'ಎಪಿಗ್ರಾಫಿಯ ಕರ್ನಾಟಿಕ' ಮಾಲೆಗೂ ನಡುವೆ ಇದೆ. 1886ರಲ್ಲಿ ಕೊಡಗಿನ ಸಂಪುಟ, 1889ರಲ್ಲಿ ಶ್ರವಣಬೆಳಗೊಳದ ಸಂಪುಟ, 1894ರಲ್ಲಿ ಮೈಸೂರು ಜಿಲ್ಲೆಯ ಮೊದಲ ಭಾಗ; ಹೀಗೆ ಶುರುವಾಗಿ 1905ರಲ್ಲಿ ಬೆಂಗಳೂರು ಮತ್ತು ಕೋಲಾರದ ಸಂಪುಟಗಳೊಂದಿಗೆ ಹನ್ನೆರಡು ಸಂಪುಟಗಳು ಮುಗಿದವು. ಒಟ್ಟು 8,869 ಶಾಸನಗಳು. ಅಂಕಿಯನ್ನು ಎಲ್ಲರೂ ಹೇಳುತ್ತಾರೆ. ಪುಟಗಳ ವಿನ್ಯಾಸವನ್ನು ಯಾರೂ ಹೇಳುವುದಿಲ್ಲ. ಪೀಠಿಕೆ ಇದೆ, ಇಂಗ್ಲಿಷ್ ಅನುವಾದ ಇದೆ, ರೋಮನ್ ಲಿಪಿಯಲ್ಲಿ ಪಾಠ ಇದೆ. ಇವುಗಳ ಜೊತೆಗೆ ಅದೇ ಪಾಠ ಮತ್ತೊಮ್ಮೆ ಪೂರ್ತಿಯಾಗಿ ಕನ್ನಡ ಲಿಪಿಯಲ್ಲಿ ಇದೆ. ಯುರೋಪಿನ ವಿದ್ವಾಂಸರಿಗೆ ರೋಮನ್ ಪಾಠ ಸಾಕಿತ್ತು. ಬ್ರಿಟಿಷ್ ಅಧಿಕಾರಿಗೆ ಅನುವಾದ ಸಾಕಿತ್ತು. ಕನ್ನಡ ಲಿಪಿಯ ಪಾಠ ಯಾರಿಗೆ ಬೇಕಿತ್ತು? ಇಂಗ್ಲಿಷ್ ಬಾರದ ಪಂಡಿತರಿಗೆ, ಮಠದ ವಿದ್ವಾಂಸರಿಗೆ, ಊರಿನ ಶಾನುಭೋಗರಿಗೆ, ಕನ್ನಡ ಮೇಷ್ಟರಿಗೆ. ಅಷ್ಟು ಪುಟಗಳನ್ನು ಎರಡನೆಯ ಸಲ ಮೊಳೆ ಜೋಡಿಸಿ ಅಚ್ಚು ಹಾಕಿಸುವ ಖರ್ಚು ಸಣ್ಣದಲ್ಲ. ಆ ಖರ್ಚನ್ನು ಮೈಸೂರು ಸರ್ಕಾರದಿಂದ ವರ್ಷಗಟ್ಟಲೆ ಮಾಡಿಸಿದ್ದು ರೈಸ್ ಅವರ ಮುಖ್ಯ ಸಾಧನೆಗಳಲ್ಲೊಂದು.

ಇನ್ನೊಂದು ತೀರ್ಮಾನ ಜೋಡಣೆಯದು. ಇತಿಹಾಸಕಾರರಾದವರು ಶಾಸನಗಳನ್ನು ರಾಜವಂಶದ ಪ್ರಕಾರ ಜೋಡಿಸುವುದು ಸಹಜ: ಕದಂಬರದು, ಗಂಗರದು, ಚಾಲುಕ್ಯರದು, ಹೊಯ್ಸಳರದು. ಹಾಗೆ ಮಾಡಿದ್ದರೆ ಯಾವ ರಾಜನ ಹೆಸರೂ ಇಲ್ಲದ ಕಲ್ಲು ಹೊರಗೇ ಉಳಿಯುತ್ತಿತ್ತು, ಕಾಲನಿರ್ಣಯ ತಪ್ಪಿದ ಕಲ್ಲು ತಪ್ಪಾದ ಸಂಪುಟಕ್ಕೆ ಸೇರುತ್ತಿತ್ತು. ರೈಸ್ ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಊರಿಗೆ ಇಳಿದರು. ತಾಲ್ಲೂಕಿನ ಹೆಸರು, ಅದರ ಮುಂದೆ ಒಂದು ಸಂಖ್ಯೆ, ಇಂಥ ಊರಿನ ಇಂಥ ದೇವಸ್ಥಾನದ ಮುಂದೆ, ಇಂಥ ಹೊಲದಲ್ಲಿ ಎಂಬ ವಿವರ. ಶಿಕಾರಿಪುರ 176 ಎಂದರೆ ತಾಳಗುಂದದ ಸ್ತಂಭ, ಹೆಗ್ಗಡದೇವನಕೋಟೆ 18 ಎಂದರೆ ಬೆಳತೂರಿನ ದೇಕಬ್ಬೆಯ ಶಾಸನ. ಸಂಶೋಧಕರು ನೂರು ವರ್ಷಕ್ಕೂ ಮೀರಿ ಈ ಸಂಖ್ಯೆಗಳಲ್ಲೇ ಮಾತಾಡಿಕೊಂಡು ಬಂದಿದ್ದಾರೆ.

ಈ ಬುದ್ಧಿ ಅವರಿಗೆ ಬಂದದ್ದು ಶಾಲೆಗಳಿಂದ ಎಂದು ನನಗೆ ಅನಿಸುತ್ತದೆ. ಹೋಬಳಿಗೊಂದು ಶಾಲೆ ಇರಬೇಕೆಂಬ ಯೋಜನೆಯನ್ನು 1868ರಲ್ಲಿ ಮೈಸೂರು ಸೀಮೆಗೆ ರೂಪಿಸಿದವರು ರೈಸ್. ರಾಜ್ಯವನ್ನು ಹೋಬಳಿ, ತಾಲ್ಲೂಕುಗಳ ಲೆಕ್ಕದಲ್ಲಿ ನೋಡುವ ಅಭ್ಯಾಸವಿದ್ದ ಮನುಷ್ಯ ಅವರು. 1870ರ ದಶಕದಲ್ಲಿ ಮೈಸೂರು ಮತ್ತು ಕೊಡಗಿನ ಗೆಜೆಟಿಯರನ್ನು ಸಿದ್ಧಮಾಡಿದ್ದೂ ಅದೇ ಕಣ್ಣಿನಿಂದ. ಯಾವ ಊರನ್ನೂ ಬಿಡಬಾರದು ಎಂಬುದು ಶಾಲಾ ಅಧಿಕಾರಿಯ ಹಟ. ಅದೇ ಹಟ ಶಾಸನಕ್ಕೂ ಬಂತು, ಯಾವ ಕಲ್ಲನ್ನೂ ಬಿಡಬಾರದು ಎಂದಾಯಿತು. ಕುದುರೆಯ ಕಥೆ ಹೇಳುವವರು ಕುದುರೆಯನ್ನು ನೋಡುತ್ತಾರೆ, ಅದರ ಮೇಲೆ ಕೂತವರ ಕೈಯಲ್ಲಿದ್ದ ಹೋಬಳಿಗಳ ಪಟ್ಟಿಯನ್ನು ನೋಡುವುದಿಲ್ಲ.

ಯಾವ ಕಲ್ಲನ್ನೂ ಬಿಡಬಾರದು ಎಂಬ ನಿಯಮದ ಫಲ ಎಷ್ಟು ದೊಡ್ಡದು ಎಂದು ತಿಳಿಯಲು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನು ನೋಡಬೇಕು. ಕ್ರಿ.ಶ. 949-50ರ ಶಾಸನ. ರಾಷ್ಟ್ರಕೂಟ ಮೂರನೆಯ ಕೃಷ್ಣ, ತಕ್ಕೋಲದ ಯುದ್ಧ, ಗಂಗ ಬೂತುಗನ ಕೈಯಲ್ಲಿ ಚೋಳ ರಾಜಾದಿತ್ಯನ ಮರಣ ಇವೆಲ್ಲ ಅದರಲ್ಲಿವೆ. ರಾಜಕೀಯ ಇತಿಹಾಸಕ್ಕೆ ಬೇಕಾದದ್ದು ಅಷ್ಟೆ. ಆದರೆ ಆ ಕಲ್ಲು ನಿಂತಿರುವುದು ಒಂದು ನಾಯಿಗಾಗಿ. ಯುದ್ಧದಲ್ಲಿ ಮೆಚ್ಚುಗೆ ಗಳಿಸಿದ ಬೂತುಗನ ಬಂಟ ಮಣಲೇರ ತನ್ನೊಡೆಯನಿಂದ ಬೇಡಿ ಪಡೆದದ್ದು 'ಕಾಳಿ' ಎಂಬ ಬೇಟೆನಾಯಿಯನ್ನು. ಅದು ದೊಡ್ಡ ಹಂದಿಯೊಂದರ ಜೊತೆ ಸೆಣಸಿ ಸತ್ತಿತು, ಹಂದಿಯೂ ಸತ್ತಿತು. ಮಣಲೇರ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಹತ್ತನೆಯ ಶತಮಾನದ ಕನ್ನಡ ನಾಡಿನ ಒಬ್ಬ ವೀರನ ಮನಸ್ಸು ಹೇಗಿತ್ತು ಎಂದು ತಿಳಿಯಲು ಇಂಥ ಇನ್ನೊಂದು ಸಾಕ್ಷ್ಯ ಸಿಗುವುದು ಕಷ್ಟ.

ಆತಕೂರಿನ ಕಲ್ಲಿಗೆ ರಾಜರ ಹೆಸರಿನ ಬಲವಿತ್ತು. ಫ್ಲೀಟ್ ಕೂಡ ಅದನ್ನು ಸಂಪಾದಿಸಿದರು. ಹೆಸರಿಲ್ಲದ ಕಲ್ಲುಗಳ ಗತಿ ಏನು? ಊರ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ಸತ್ತವನ ವೀರಗಲ್ಲು, ಕೆರೆಯ ತೂಬು ಕಟ್ಟಿಸಿದವನ ಕಲ್ಲು, ಗಂಡನ ಚಿತೆಯೇರಿದವಳ ಮಾಸ್ತಿಕಲ್ಲು, ಸಲ್ಲೇಖನ ಮಾಡಿ ಕಣ್ಣುಮುಚ್ಚಿದ ಅಜ್ಜಿಯ ನಿಸಿದಿ, ನಾಲ್ಕೇ ಸಾಲಿನ ದತ್ತಿ. ವಿದ್ವತ್ ಪತ್ರಿಕೆಗಳಲ್ಲಿ ಇವಕ್ಕೆ ಜಾಗ ಸಿಗುತ್ತಿರಲಿಲ್ಲ. ರೈಸ್ ಅವರ ಸಂಪುಟಗಳಲ್ಲಿ ತಾಳಗುಂದದ ಸ್ತಂಭಕ್ಕೆ ಒಂದು ಸಂಖ್ಯೆ, ಪಕ್ಕದ ಹಳ್ಳಿಯ ಮುರಿದ ವೀರಗಲ್ಲಿಗೂ ಒಂದು ಸಂಖ್ಯೆ. ಎಂ. ಚಿದಾನಂದಮೂರ್ತಿಯವರು 1966ರಲ್ಲಿ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಪ್ರಕಟಿಸಿದಾಗ ವೀರ, ಸತಿ, ಆತ್ಮಬಲಿ, ಮತ, ವಿದ್ಯೆ ಮೊದಲಾದವುಗಳ ಬಗ್ಗೆ ಅಷ್ಟು ದಟ್ಟವಾಗಿ ಬರೆಯುವುದು ಸಾಧ್ಯವಾದದ್ದು ಈ ಸಣ್ಣ ಕಲ್ಲುಗಳು ಅಚ್ಚಾಗಿದ್ದರಿಂದ. ಶ್ರವಣಬೆಳಗೊಳದ ನಿಸಿದಿಗಳ ಮೇಲೆ ಎಸ್. ಶೆಟ್ಟರ್ ಮಾಡಿದ ಕೆಲಸಕ್ಕೂ ಇದೇ ಮಾತು ಸಲ್ಲುತ್ತದೆ. ಇವರಿಬ್ಬರು ಕೇಳಿದ ಪ್ರಶ್ನೆಗಳು ರೈಸ್ ಅವರ ಮನಸ್ಸಿನಲ್ಲಿ ಇರಲಿಲ್ಲ, ಅವರ ಪೀಠಿಕೆಗಳ ತುಂಬ ರಾಜವಂಶಗಳೇ. ತಮಗೆ ಬೇಕಿಲ್ಲದ್ದನ್ನೂ, ತಮಗೆ ಅರ್ಥವಾಗದ್ದನ್ನೂ ಮುಂದಿನವರಿಗಾಗಿ ಅಚ್ಚು ಹಾಕಿಸಿದರು. ಇದು ಪ್ರಕಾಶಕರ ಧರ್ಮ. ಇತಿಹಾಸಕಾರರು ತಮಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತಾರೆ.

ಕನ್ನಡ ಲಿಪಿಯ ಪಾಠ ಇನ್ನೂ ಒಂದು ದಾರಿ ತೆರೆಯಿತು. ಬೆಳತೂರಿನ ದೇಕಬ್ಬೆಯ ಶಾಸನ 1057ರದು. ಗಂಡ ಸತ್ತ ಸುದ್ದಿ ಕೇಳಿ, ತಡೆದ ತಂದೆತಾಯಿಗಳ ಮಾತು ಮೀರಿ ಬೆಂಕಿಗೆ ನಡೆದ ಹೆಣ್ಣಿನ ಕಥೆ ಅದರಲ್ಲಿದೆ. ಇಂಗ್ಲಿಷ್ ಅನುವಾದದಲ್ಲಿ ಅದು ಒಂದು ಸತೀ ಪ್ರಕರಣ. ಕನ್ನಡದಲ್ಲಿ ಓದಿದವರಿಗೆ ಅದು ಕಾವ್ಯ. ಆರ್. ನರಸಿಂಹಾಚಾರ್ಯರು 1923ರಲ್ಲಿ ಶಾಸನಗಳೊಳಗಿನ ಪದ್ಯಗಳನ್ನು ಆಯ್ದು 'ಶಾಸನ ಪದ್ಯಮಂಜರಿ' ಹೊರತಂದಾಗ ಕಲ್ಲಿನ ಕವಿಗಳಿಗೆ ಓಲೆಗರಿಯ ಕವಿಗಳ ಪಕ್ಕದಲ್ಲಿ ಜಾಗ ಸಿಕ್ಕಿತು. ಇನ್ನು ತಾಳಗುಂದ. ಕುಬ್ಜ ಕವಿಯ ಸಂಸ್ಕೃತ ಪದ್ಯಗಳ ಆ ಸ್ತಂಭ ರೈಸ್ ಅವರ ಮೂಲಕ ವಿದ್ವಾಂಸರಿಗೆ ತಿಳಿಯಿತು, 1902ರ ಶಿವಮೊಗ್ಗ ಸಂಪುಟದಲ್ಲಿ ಸೇರಿತು. ಕಂಚಿಯಲ್ಲಿ ಅವಮಾನಗೊಂಡು ಓಲೆಗರಿ ಬಿಟ್ಟು ಕತ್ತಿ ಹಿಡಿದ ಕದಂಬ ದೊರೆ ಮಯೂರಶರ್ಮನ ಕಥೆಗೆ ಆಧಾರ ಆ ಕಲ್ಲು. ಅದರಿಂದ ದೇವುಡು ಅವರ ಕಾದಂಬರಿ, ಕಾದಂಬರಿಯಿಂದ 1975ರ 'ಮಯೂರ' ಸಿನಿಮಾ. ರಾಜಕುಮಾರ್ ಅವರನ್ನು ಕುದುರೆಯ ಮೇಲೆ ನೋಡಿ ಚಪ್ಪಾಳೆ ತಟ್ಟಿದ ಲಕ್ಷಾಂತರ ಮಂದಿಗೆ ಶಿಕಾರಿಪುರ 176 ಎಂಬುದು ತಿಳಿದಿರಲಿಲ್ಲ. ಶಾಸನ ಅಚ್ಚಾದರೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಈಗ ಇತಿಹಾಸಕಾರ ರೈಸ್ ಅವರ ಕಡೆಗೆ ಬರೋಣ. ತಲಕಾಡಿನ ಗಂಗರ ಆರಂಭವನ್ನು ಅವರು ಕ್ರಿ.ಶ. ಎರಡನೆಯ ಶತಮಾನದಷ್ಟು ಹಿಂದಕ್ಕೆ ಒಯ್ದರು. ತಾಮ್ರಶಾಸನಗಳಲ್ಲಿ ಬರುವ ವಂಶಾವಳಿಯನ್ನು ಬಹುಮಟ್ಟಿಗೆ ನಂಬಿದರು. ಫ್ಲೀಟ್ ಅದನ್ನು ಒಪ್ಪಲಿಲ್ಲ. ಆ ತಾಮ್ರಪಟಗಳಲ್ಲಿ ಹೆಚ್ಚಿನವು ಕೂಟಶಾಸನಗಳು, ಅಂದರೆ ಆಮೇಲೆ ಸೃಷ್ಟಿಸಿದ ಖೋಟಾ ದಾಖಲೆಗಳು ಎಂದು ಅಕ್ಷರದ ಆಕಾರ, ತಿಥಿವಾರಗಳ ಲೆಕ್ಕ ಹಿಡಿದು ವಾದಿಸಿದರು. ವಾದ ವರ್ಷಗಟ್ಟಲೆ ನಡೆಯಿತು, ಖಾರವಾಗಿಯೇ ನಡೆಯಿತು. ಫ್ಲೀಟ್ ಅವರ ಸಂಶಯ ಅತಿಯಾಗಿತ್ತೆಂದು, ಕೆಲವು ಪಟಗಳು ಸಾಚಾ ಎಂದು ಮುಂದೆ ತೀರ್ಮಾನವಾಯಿತು ನಿಜ. ಆದರೆ ರೈಸ್ ಅವರ ಕಾಲಗಣನೆ ಉಳಿಯಲಿಲ್ಲ, ಇಂದು ಗಂಗರ ಆರಂಭವನ್ನು ನಾಲ್ಕನೆಯ ಶತಮಾನದ ನಡುವಿಗೆ ಇಡುವುದು ರೂಢಿ. ಶ್ರವಣಬೆಳಗೊಳದ ಸಂಪುಟದಲ್ಲೂ ಹಾಗೆಯೇ ಆಯಿತು. ಚಂದ್ರಗುಪ್ತ ಮೌರ್ಯ ಭದ್ರಬಾಹುವಿನೊಂದಿಗೆ ಬಂದು ಅಲ್ಲಿ ಸಲ್ಲೇಖನ ಮಾಡಿದ ಎಂಬ ಜೈನ ಪರಂಪರೆಯನ್ನು ರೈಸ್ ಇತಿಹಾಸವೆಂದೇ ಹಿಡಿದರು. ಚಂದ್ರಗಿರಿಯ ಹಳೆಯ ಶಾಸನದಲ್ಲಿ ಭದ್ರಬಾಹುವಿನ ಹೆಸರಿದೆ, ಪ್ರಭಾಚಂದ್ರ ಎಂಬ ಆಚಾರ್ಯರ ಹೆಸರಿದೆ, ಚಂದ್ರಗುಪ್ತನ ಹೆಸರಿಲ್ಲ. ಅದು ಸುಮಾರು ಕ್ರಿ.ಶ. 600ರದು, ಮೌರ್ಯರಿಗಿಂತ ಒಂಬತ್ತು ಶತಮಾನ ಈಚಿನದು. ಫ್ಲೀಟ್ ಇದನ್ನೂ ಎತ್ತಿ ತೋರಿಸಿದರು.

ಈ ಎರಡು ವಾದಗಳಲ್ಲೂ ರೈಸ್ ಅವರ ಪಕ್ಷ ದುರ್ಬಲ. ಹಾಗೆಂದು ನಾವು ಇವತ್ತು ಹೇಳಬಲ್ಲೆವು, ಏಕೆಂದರೆ ಮೂಲಪಾಠವನ್ನು ಅವರೇ ಅಚ್ಚು ಹಾಕಿಸಿ ನಮ್ಮ ಮುಂದೆ ಇಟ್ಟಿದ್ದಾರೆ. ಪೀಠಿಕೆಯಲ್ಲಿ ರೈಸ್ ಒಂದು ಹೇಳುತ್ತಾರೆ. ಅದೇ ಸಂಪುಟದ ಪಾಠ ಅದಕ್ಕೆ ಎದುರು ಸಾಕ್ಷಿ ನುಡಿಯುತ್ತದೆ. ತಮ್ಮ ವಾದವನ್ನು ಮುರಿಯಬಲ್ಲ ಆಧಾರವನ್ನು ತಮ್ಮ ಪುಸ್ತಕದಲ್ಲೇ ಪೂರ್ತಿಯಾಗಿ ಕೊಡುವ ಪ್ರಾಮಾಣಿಕತೆ ಎಲ್ಲ ವಿದ್ವಾಂಸರಲ್ಲೂ ಇರುವುದಿಲ್ಲ. ರೈಸ್ ಅವರ ಇತಿಹಾಸವನ್ನು ರೈಸ್ ಅವರ ಪ್ರಕಾಶನವೇ ತಿದ್ದಿತು.

ಪ್ರಕಾಶಕರಾಗಿ ಅವರಲ್ಲಿ ಕೊರತೆ ಇರಲಿಲ್ಲವೆಂದು ಹೇಳಲಾರೆ. ಕೊರತೆಗಳು ಗಂಭೀರವಾದವು. ಶ್ರವಣಬೆಳಗೊಳದ 1889ರ ಸಂಪುಟದಲ್ಲಿ 144 ಶಾಸನಗಳಿದ್ದವು. ನರಸಿಂಹಾಚಾರ್ಯರು 1923ರಲ್ಲಿ ಅದೇ ಸಂಪುಟವನ್ನು ಪರಿಷ್ಕರಿಸಿದಾಗ ಸಂಖ್ಯೆ 500 ಆಯಿತು. ಒಂದೇ ಕ್ಷೇತ್ರದಲ್ಲಿ ಮುಕ್ಕಾಲು ಪಾಲಿನಷ್ಟು ಬಿಟ್ಟುಹೋಗಿತ್ತು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲು 1902ರ ಹಾಸನ ಸಂಪುಟದಲ್ಲಿಲ್ಲ. ಅದನ್ನು ಬೆಳಕಿಗೆ ತಂದವರು 1930ರ ದಶಕದಲ್ಲಿ ಎಂ. ಎಚ್. ಕೃಷ್ಣ. ಬೆಂಗಳೂರಿನ ಹೆಬ್ಬಾಳದಲ್ಲಿ ಎಂಟನೆಯ ಶತಮಾನದ ಕಿತ್ತಯ್ಯನ ವೀರಗಲ್ಲು ಕಂಡದ್ದು 2018ರಲ್ಲಿ, ಚರಂಡಿ ಕಾಮಗಾರಿಯ ಹೊತ್ತಿಗೆ. ತಮಿಳು ಶಾಸನಗಳ ಪಾಠಗಳಲ್ಲಿ ತಪ್ಪುಗಳು ಹೇರಳ. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ ಬಹುಪಾಲು ಶಾಸನಗಳಿಗೆ ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಪಡಿಯಚ್ಚಿನ ಚಿತ್ರ ಕೊಡದೆ ಇದ್ದದ್ದು. ಆ ಕಲ್ಲುಗಳಲ್ಲಿ ಎಷ್ಟೋ ಈಗ ಇಲ್ಲ. ಚಪ್ಪಡಿಯಾದವು, ಅಡಿಪಾಯಕ್ಕೆ ಹೋದವು, ರಸ್ತೆಯಡಿ ಸೇರಿದವು. ಅವುಗಳ ವಿಷಯದಲ್ಲಿ ಉಳಿದಿರುವುದು ಒಂದೇ ಓದು. ಒಂದು ಅಕ್ಷರ ತಪ್ಪಾಗಿ ಓದಿದ್ದರೆ ಅದು ಇನ್ನು ತಪ್ಪಾಗಿಯೇ ಇರುತ್ತದೆ.

ಮುಖಪುಟದ ಮೇಲೆ ಒಂದೇ ಹೆಸರು ಇರುವುದೂ ಕೊರತೆಯೇ. 8,869 ಶಾಸನಗಳನ್ನು ಒಬ್ಬರು ನಕಲು ಮಾಡಿ ಓದಿ ಅನುವಾದಿಸುವುದು ಆಗದ ಮಾತು. ಬಿಸಿಲಲ್ಲಿ ಕಲ್ಲು ತೊಳೆದು, ಒದ್ದೆ ಕಾಗದ ಒತ್ತಿ ಪಡಿಯಚ್ಚು ತೆಗೆದವರು, ಹಳಗನ್ನಡ ಸಂಸ್ಕೃತಗಳ ಪಾಠ ಬಿಡಿಸಿಕೊಟ್ಟ ಪಂಡಿತರು, ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ, ಬೆಂಗಳೂರಿನ ಸರ್ಕಾರಿ ಮುದ್ರಣಾಲಯದಲ್ಲಿ ಮೊಳೆ ಜೋಡಿಸಿದವರು, ಕಲ್ಲು ಎಲ್ಲಿದೆಯೆಂದು ದಾರಿ ತೋರಿದ ಹಳ್ಳಿಯವರು ಎಲ್ಲರೂ ಈ ಗ್ರಂಥದ ಪಾಲುದಾರರು. ಆರ್. ನರಸಿಂಹಾಚಾರ್ಯರು 1899ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಗೆ ಸೇರಿದರು. ಮಾಲೆಯ ಹನ್ನೆರಡು ಸಂಪುಟಗಳಲ್ಲಿ ಎಂಟು ಹೊರಬಂದದ್ದು ಆಮೇಲೆ. ಒಂಟಿ ಸಾಹಸಿಯ ಕಥೆ ಮೊದಲು ಅಳಿಸಿಹಾಕುವುದು ಇವರೆಲ್ಲರನ್ನು. 'ಹಳ್ಳಿಯವರಿಗೆ ತಿಳಿಯದ ಕಲ್ಲು' ಎಂಬ ಮಾತೂ ಅರ್ಧ ಸತ್ಯ. ಅಕ್ಷರ ಓದಲು ಬಾರದಿದ್ದರೂ ಆ ಕಲ್ಲಿಗೆ ಕುಂಕುಮ ಹಚ್ಚಿ, ಯಾರೂ ಕದಲಿಸದಂತೆ ಸಾವಿರ ವರ್ಷ ಕಾಪಾಡಿದವರು ಅವರೇ.

ಇತ್ತೀಚೆಗೆ ಎದುರು ದಿಕ್ಕಿನಿಂದಲೂ ಒಂದು ಸಿದ್ಧ ಅಭಿಪ್ರಾಯ ಕೇಳಿಬರುತ್ತದೆ. ಗೆಜೆಟಿಯರು, ಶಾಸನ ಸಂಪುಟ ಎಲ್ಲವೂ ವಸಾಹತು ಆಡಳಿತದ ಜ್ಞಾನ. ಆಳುವವರು ಆಳಿಸಿಕೊಳ್ಳುವವರನ್ನು ತಿಳಿದುಕೊಳ್ಳಲು ಮಾಡಿದ ಲೆಕ್ಕಪತ್ರ. ಅದನ್ನು ತಲೆಯ ಮೇಲೆ ಹೊರಬೇಕಿಲ್ಲ ಎಂಬುದು ಆ ವಾದ. ಗೆಜೆಟಿಯರಿನ ಮಟ್ಟಿಗೆ ಈ ವಾದ ಬಹುಪಾಲು ಸರಿ. ಶಾಸನ ಸಂಪುಟಗಳಿಗೆ ಅದು ಹೊಂದುವುದಿಲ್ಲ. 1881ರಲ್ಲಿ ಮೈಸೂರು ಒಡೆಯರಿಗೆ ಮರಳಿತ್ತು. ಮಾಲೆಯ ಹಣ ಬಹುಪಾಲು ಮೈಸೂರು ಸಂಸ್ಥಾನದ್ದು. ಆಳುವುದಕ್ಕೆ ಬೇಕಾದ ಮಾಹಿತಿಗೆ ಇಂಗ್ಲಿಷ್ ಸಾರಾಂಶ ಸಾಕು. ಸಾವಿರ ವರ್ಷದ ಹಿಂದಿನ ದನಗಳವು ತಡೆದು ಸತ್ತವನ ಕಲ್ಲನ್ನು ಕನ್ನಡ ಅಕ್ಷರದಲ್ಲಿ ಅಚ್ಚು ಹಾಕುವುದರಿಂದ ಯಾವ ಕಂದಾಯವೂ ಹುಟ್ಟುವುದಿಲ್ಲ. ಆ ಅಕ್ಷರಗಳಿಂದ ಹುಟ್ಟಿದ್ದು ಕನ್ನಡಿಗರ ಸಂಶೋಧನೆ.

ರೈಸ್ ಅವರನ್ನು ಪ್ರಕಾಶಕರೆಂದು ಕರೆಯುವುದಕ್ಕೆ ಶಾಸನಗಳಷ್ಟೇ ಆಧಾರವಲ್ಲ. 1873ರಲ್ಲಿ ಅಮರಕೋಶವನ್ನು ಕನ್ನಡ, ಇಂಗ್ಲಿಷ್ ಅರ್ಥಗಳೊಂದಿಗೆ ಪ್ರಕಟಿಸಿದರು. ಹರ್ಮನ್ ಮೋಗ್ಲಿಂಗ್ 1848ರಿಂದ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ 'ಬಿಬ್ಲಿಯೋತಿಕ ಕರ್ನಾಟಿಕ' ಎಂಬ ಮಾಲೆ ನಡೆಸಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಹೊರತಂದಿದ್ದರು. ರೈಸ್ ಅದೇ ಹೆಸರಿನಲ್ಲಿ ಹೊಸ ಮಾಲೆ ಹಿಡಿದರು. 1884ರಲ್ಲಿ ನಾಗವರ್ಮನ 'ಕರ್ಣಾಟಕ ಭಾಷಾಭೂಷಣ', 1890ರಲ್ಲಿ ಭಟ್ಟಾಕಳಂಕನ 'ಕರ್ಣಾಟಕ ಶಬ್ದಾನುಶಾಸನ', ಬಳಿಕ ಪಂಪರಾಮಾಯಣ. 1898ರಲ್ಲಿ ಪಂಪಭಾರತ, ಅದೇ ವರ್ಷ ಕೆ. ಬಿ. ಪಾಠಕರು ಸಂಪಾದಿಸಿದ 'ಕವಿರಾಜಮಾರ್ಗ'. ಒಂಬತ್ತನೆಯ ಶತಮಾನದ ಲಕ್ಷಣಗ್ರಂಥ, ಹತ್ತನೆಯ ಶತಮಾನದ ಮಹಾಕಾವ್ಯ ಎರಡೂ ಒಂದೇ ವರ್ಷದಲ್ಲಿ ಓಲೆಗರಿಯಿಂದ ಅಚ್ಚಿಗೆ ಬಂದವು. ಕನ್ನಡ ಸಾಹಿತ್ಯ ಎಂದೊಡನೆ ಪಂಪನಿಂದ ಮಾತು ಶುರುಮಾಡುವುದು, ನಾಡಿನ ಎಲ್ಲೆ ಎಂದೊಡನೆ ಕವಿರಾಜಮಾರ್ಗವನ್ನು ನೆನೆಯುವುದು ನಮಗೆ ಎಷ್ಟು ಸಹಜವಾಗಿದೆಯೆಂದರೆ ಅದಕ್ಕೊಂದು ಇಸವಿ ಇದೆ ಎಂಬುದೇ ಮರೆತಿದೆ. ಕರ್ನಾಟಕ ಏಕೀಕರಣದ ಹೋರಾಟಗಾರರು ಕವಿರಾಜಮಾರ್ಗವನ್ನು ಸಾಕ್ಷಿಯಾಗಿ ಎತ್ತಿ ಹಿಡಿಯಲು ಸಾಧ್ಯವಾದದ್ದು ಆ ಪುಸ್ತಕ ಕೈಗೆ ಸಿಗುತ್ತಿದ್ದುದರಿಂದ. ಕೊಡಗು, ಮೈಸೂರುಗಳ ಇತಿಹಾಸವನ್ನು ರೈಸ್ ಶಾಸನಗಳ ಆಧಾರದಲ್ಲಿ ಬರೆದ 1909ರ ಗ್ರಂಥವನ್ನು ಇಂದು ಕೆಲವೇ ವಿದ್ವಾಂಸರು ತೆರೆಯುತ್ತಾರೆ. 1898ರ ಆ ಎರಡು ಪುಸ್ತಕಗಳು ಆರಂಭಿಸಿದ್ದನ್ನು ಎಲ್ಲ ಕನ್ನಡ ಎಂ.ಎ. ತರಗತಿಗಳೂ ಮುಂದುವರಿಸುತ್ತಿವೆ.

ಪ್ರಕಟಣೆಯ ಬೆಲೆ ತಿಳಿಯಲು ಮೈಸೂರಿನ ಗಡಿಯಾಚೆ ನೋಡಿದರೂ ಸಾಕು. ಧಾರವಾಡ, ವಿಜಾಪುರ, ಬೆಳಗಾವಿಗಳ ಶಾಸನಸಂಪತ್ತು ಮೈಸೂರಿಗಿಂತ ಕಡಿಮೆಯದಲ್ಲ. ಅಲ್ಲಿ ಫ್ಲೀಟ್ ಅವರಂಥ ಮೇಲಾದ ಲಿಪಿತಜ್ಞರಿದ್ದರು. ಆದರೂ ಬೊಂಬಾಯಿ ಕರ್ನಾಟಕದ ಶಾಸನಗಳಿಗೇ ಮೀಸಲಾದ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್' ಸಂಪುಟಗಳಲ್ಲಿ ಮೊದಲನೆಯದು ಬಂದದ್ದು 1940ರಲ್ಲಿ, ಆಮೇಲಿನವು 1952, 1964, 1975 ಹೀಗೆ. ಮೈಸೂರು ಸೀಮೆಯ ಓದುಗರಿಗೆ 1905ಕ್ಕೇ ಸಿಕ್ಕಿದ್ದು ಉತ್ತರದ ಓದುಗರಿಗೆ ಒಂದು ತಲೆಮಾರು, ಎರಡು ತಲೆಮಾರು ತಡವಾಗಿ ಸಿಕ್ಕಿತು. ಪಾಂಡಿತ್ಯದಲ್ಲಿ ಫ್ಲೀಟ್ ಗೆದ್ದರು. ನಾಡಿನ ಜನಕ್ಕೆ ಹೆಚ್ಚು ಒದಗಿದ್ದು ರೈಸ್ ಅವರ ಕೆಲಸ.

ತಪ್ಪಿಲ್ಲದ ಪಾಠ ಸಿದ್ಧವಾಗುವವರೆಗೆ ಅಚ್ಚು ಬೇಡ ಎಂದು ರೈಸ್ ಕಾದಿದ್ದರೆ 8,869ರ ಬದಲು ಎಂಟುನೂರು ಬರುತ್ತಿದ್ದವೋ ಏನೋ. ಅವರು ಕಾಯಲಿಲ್ಲ. 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋಗುವಾಗ ಹನ್ನೆರಡೂ ಸಂಪುಟಗಳು ಮುಗಿದಿದ್ದವು. ತಿದ್ದುವ ಕೆಲಸವನ್ನು ಪುರಾತತ್ವ ಇಲಾಖೆಯಲ್ಲಿ ಅವರ ನಂತರ ಬಂದ ನರಸಿಂಹಾಚಾರ್ಯರು, ಶಾಮಾಶಾಸ್ತ್ರಿಗಳು, ಕೃಷ್ಣ ಮುಂದುವರಿಸಿದರು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತರತೊಡಗಿತು. ಇಂದು ಬೆಂಗಳೂರಿನ ಬಡಾವಣೆಗಳಲ್ಲಿ ಶಾಸನ ಹುಡುಕಿ ಕಾಪಾಡುತ್ತಿರುವ ಆಸಕ್ತರೂ, ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವ ಮಿಥಿಕ್ ಸೊಸೈಟಿಯವರೂ ಹೊರಡುವುದು 1905ರ ಬೆಂಗಳೂರು ಸಂಪುಟದ ಊರುಪಟ್ಟಿಯನ್ನು ಹಿಡಿದು.

ಪ್ರತಿಮೆ, ಜಯಂತಿ, 'ಪಿತಾಮಹ' ಎಂಬ ಬಿರುದುಗಳಿಂದ ರೈಸ್ ಅವರಿಗೆ ಸಲ್ಲುವುದು ಏನೂ ಇಲ್ಲ. ಕರ್ನಾಟಕದಲ್ಲಿ ಪಡಿಯಚ್ಚು ತೆಗೆದು, ಓದಿ, ಇನ್ನೂ ಅಚ್ಚಾಗದೆ ಕಪಾಟುಗಳಲ್ಲಿ ಕಾಯುತ್ತಿರುವ ಶಾಸನಗಳಿವೆ. ಅವುಗಳ ಪಾಠವನ್ನು, ಅನುಮಾನವಿರುವ ಅಕ್ಷರಗಳಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿಯಾದರೂ ಸರಿ, ಪಡಿಯಚ್ಚಿನ ಚಿತ್ರದ ಸಮೇತ, ಊರಿನ ಹೆಸರಿನಡಿ, ಕನ್ನಡ ಲಿಪಿಯಲ್ಲಿ, ಯಾರು ಬೇಕಾದರೂ ಬಿಟ್ಟಿಯಾಗಿ ಓದುವಂತೆ ಈಗಲೇ ಪ್ರಕಟಿಸಬೇಕು. ಓದಿದ ಪಂಡಿತರ ಹೆಸರನ್ನೂ ಪಡಿಯಚ್ಚು ತೆಗೆದವರ ಹೆಸರನ್ನೂ ಅದರ ಕೆಳಗೆ ಹಾಕಬೇಕು.